ನಾಕು ನಂಬರಿನ ವೈರ್

ನೌಬಾದಿನ ನಮ್ಮ ಅಂಗಡಿ ಮುಂದ, ಕೆಂಪು ಧೂಳಿನಾಗ
ಘಾಳೆಪ್ಪ ತನ್ನ ಕ್ರೂಸರ್ ತಂದು ನಿಂದ್ರಿಸ್ಯಾನ.
ಡಿಕ್ಕಿ ತೆಗದ್ರ ಹೊಸಾ ಆಂಪ್ಲಿಫೈಯರ್,
ಪ್ಲಾಸ್ಟಿಕ್ ಹಾಳಿ ಇನ್ನಾ ಸುಲದಿಲ್ಲ.
ಬಾಜೂಕ ಪರಾತದಷ್ಟು ಅಗಲದ ವೂಫರ್ ಎರಡು.
"ಆರ್ನೂರು ವ್ಯಾಟ್" ಅಂದ,
ಮಗಳ ಮಾರ್ಕ್ಸ್ ಹೇಳಿದಂಗ.

ಕೈಯಾಗ ಒಂದು ಸಿಂಬಿ ವೈರ್, ಕೆಂಪಂದ್ರ ಕೆಂಪು.
ಹೈದ್ರಾಬಾದಿನಾಗ ಸಸ್ತಾ ಸಿಕ್ತಂತ.
ಬ್ಲೇಡಿಲೆ ಒಂದು ಎಳಿ ಕೆರದೆ:
ಮ್ಯಾಲ ತಾಮ್ರದ ಬಣ್ಣ, ಒಳಗ ಬೆಳ್ಳಗ.
"ಇದು ಒಂದು ಗ್ರಾಮಿನ ಬಂಗಾರ, ಅಣ್ಣಾ.
ಫೋಟೋಕ್ಕ ಚಂದ,
ಒತ್ತಿ ಇಡ್ಲಾಕ ಬರಂಗಿಲ್ಲ."
ಅಂವ ನಗಲಿಲ್ಲ.

ಪೈಲೆ ಲೆಕ್ಕ.
ಬೀಡಿ ಕಟ್ಟಿನ ಹಾಳಿ ಮ್ಯಾಲ ಬರದು ತೋರಸ್ದೆ.
ಆರ್ನೂರು ಹೊರಗ ಬರಬೇಕಂದ್ರ ಸಾವಿರ ಒಳಗ ಹೋಗಬೇಕು,
ನಡುವಿನ ನಾನೂರು ಬರೇ ಬಿಸಿ.
ಸಾವಿರಕ್ಕ ಹದಿಮೂರು ವೋಲ್ಟಿಲೆ ಭಾಗಿಸಿದ್ರ
ಎಪ್ಪತ್ತೇಳು ಆಂಪಿಯರ್, ಕೂದಲೆಳಿ ಕಮ್ಮಿ.
ಬ್ಯಾಟರಿಯಿಂದ ಡಿಕ್ಕಿ ತನಾ ದಾರ ಹಿಡದೆ,
ಮೂಲಿ ಮೂಲಿಗೂ ಬಗ್ಗಿಸಿ, ಸೀಟಿನ ಕೆಳಗ ಹಾಯಿಸಿ:
ಹದಿನೇಳು ಫೂಟು.
"ನಾಕು ನಂಬರ್ ವೈರ್ ಬೇಕು."

"ನಾ ತಂದದ್ದು ಎಂಟು ನಂಬರಪಾ!
ನಾಕಕ್ಕಿಂತ ಎಂಟು ದೊಡ್ಡದಲ್ಲೇನು?"

ದಿನಾ ಒಬ್ಬರಿಗೆ ಹೇಳ್ತೀನಿ ಇದು:
ವೈರಿನಾಗ ನಂಬರ್ ಇಳದಂಗ ಮೈ ದಪ್ಪ.
ಎಂಟು ಕಡ್ಡಿ ಪೈಲ್ವಾನ,
ನಾಕು ಖರೇ ಗರಡಿ ಆಳು,
ಸೊನ್ನಿ ಅಂದ್ರ ಹೆಬ್ಬೆರಳು.
ಯಾರು ಇಟ್ರೋ ಈ ಉಲ್ಟಾ ಎಣಿಕಿ.

ತಿಳೀಲಿ ಅಂತ ಸುರಂಗ ಬಾವಿ ಕಡಿ ಕೈ ಮಾಡಿ ತೋರಿಸಿದೆ:
ನೀರು ದೂರ ಹೋಗಬೇಕಂತಲೇ
ಹಿರ್ಯಾರು ಆಳೆತ್ತರ ಕಡದಾರ.
ಮೊಣಕಾಲು ಮಟಾ ಕಡದಿದ್ರ
ಊರಿಗೆಲ್ಲಾ ಒಂದು ಕೊಡಾ ಬರ್ತಿತ್ತು.
"ಹಂಗಂದ್ರ ವೈರಿನಾಗ ನೀರು ಹೋಗ್ತದೇನು?"
ಸುಮ್ಮಾದೆ. ಹೋಲಿಕಿ ಭೀ
ಎಲ್ಲೋ ಒಂದು ಕಡಿ ಹರೀತದ.

ಕಡೀಕ ಅವನ ವೈರಿಲೇ ಹಚ್ಚಿ ತೋರಿಸಿದೆ.
ಬ್ಯಾಟರಿ ಬಾಯಾಗ ಮೀಟರ್ ಹದಿಮೂರೂವರಿ.
ಡಿಕ್ಕ್ಯಾಗ ಹನ್ನೊಂದೂವರಿ.
ಹಲಗಿಯ ಪೆಟ್ಟು ಪೆಟ್ಟಿಗೂ
ಆಂಪ್ಲಿಫೈಯರಿನ ನೀಲಿ ದೀಪ ಕಣ್ಣು ಮುಚ್ಚಿ ತೆಗೀಲತ್ತಿತ್ತು.
ಎರಡು ವೋಲ್ಟ್ ಎಲ್ಲಿ ಹೋದ್ವು?
ಅವನ ಅಂಗೈ ಹಿಡದು ವೈರಿನ ಮ್ಯಾಲ ಇಟ್ಟೆ.
ಕುದಿ ಚಹಾದ ಗ್ಲಾಸು ಮುಟ್ಟಿದವನಂಗ
ಹಿಂದಕ್ಕ ಎಳಕೊಂಡ.

ಆಮ್ಯಾಲ ರೊಕ್ಕದ ಮಾತಿಲ್ಲ.

ಬ್ಯಾಟರಿಯಿಂದ ಗೇಣಿನೊಳಗ ಎಂಬತ್ತರ ಫ್ಯೂಸ್ ಕೂಡಿಸಿದೆ.
"ಆಂಪ್ಲಿಫೈಯರ್ ಕಾಯ್ಲಾಕೇನು?"
ಅಲ್ಲ, ವೈರ್ ಕಾಯ್ಲಾಕ, ಗಾಡಿ ಉರಿಬಾರದಂತ.
ಹಿಂದ ನೆಲದ ಬಣ್ಣ ಕೆರದು, ಬತ್ತಲಿ ಕಬ್ಬಿಣ ಕಂಡ ಮ್ಯಾಲೇ
ಬೋಲ್ಟ್ ಬಿಗದೆ, ಅಷ್ಟೇ ದಪ್ಪ ವೈರ್ ಹಾಕಿ.
ಕೊಡ್ಲಾಕೊಂದು ಮಾಪು, ಇಸಕೊಳ್ಲಾಕೊಂದು ಮಾಪು
ಕರೆಂಟಿನ ಅಂಗಡ್ಯಾಗ ನಡಿಯಂಗಿಲ್ಲ.

ಹೊತ್ತು ಮುಳುಗಿದ ಮ್ಯಾಲ ಹೋದ ಘಾಳೆಪ್ಪ.
ಶೆಟರ್‌ಗಳ ಹಲ್ಲು ಕಟಕಟ.

ಮನ್ಯಾಗ ಫ್ಯಾನು ಎಣಿಸುವಷ್ಟು ಮೆಲ್ಲಗ ತಿರಗ್ಲತ್ತಿತ್ತು.
ಆಜುಬಾಜು ಯಾರೋ ಬೋರ್ ಚಾಲೂ ಮಾಡ್ಯಾರ.
ಕಂಬದಿಂದ ಗ್ವಾಡಿ ತನಾ ಅಪ್ಪ ಎಳಿಸಿದ ವೈರು,
ಆಗ ಒಂದು ಬಲ್ಬು, ಒಂದು ರೇಡಿಯೋ.
ಈಗ ಫ್ರಿಜ್ಜು, ಮಿಕ್ಸರು,
ಇಂದುಮತಿಯ ಹೊಲಿಗಿ ಮಿಷನ್ನಿನ ಮೋಟ್ರು.
ರವಿಕಿ ತೋಳಿನ ನಡುವ ಸೂಜಿ ನಿಂತಾಗ
ಆಕಿ ನನ್ನ ನೋಡಿದ್ಲು.
ಏನೂ ಅನ್ನಲಿಲ್ಲ.
ಕೈಯಿಂದ ಗಾಲಿ ತಿರುವಿ ಹೊಲ್ಯಾಕ ಹತ್ತಿದ್ಲು.

ಕಿಸೆದಾಗ ಉಳಿದ ಮೊಳದಷ್ಟು ತಾಮ್ರ
ಗೂಟಕ್ಕ ತೂಗಹಾಕಿ, ದಾರ ತಗೊಂಡು
ಹೊರಗ ಬಂದೆ. ಕಂಬದ ಬುಡದಿಂದ
ಒಂದು ಮಾರು, ಎರಡು ಮಾರು.
ಮೂರಕ್ಕ ನಾಯಿ ಅಡ್ಡ ಬಂತು.
ಭಾಲ್ಕಿ ರೋಡಿನ ಕಡಿಯಿಂದ ಘಾಳೆಪ್ಪನ ಹಲಗಿ
ಕಿವಿಗಿಂತ ಮೊದಲು ಹೊಟ್ಟಿಗೆ ತಾಕ್ತು.
ಒಂದು ಪೆಟ್ಟೂ ಸಡಲಿಲ್ಲ.

"ಎಷ್ಟಾತು?" ಒಳಗಿಂದ ಕೇಳಿದ್ಲು.
"ತಡಿ, ಹೊಳ್ಳಿ ಎಣಿಸಬೇಕು."